ನಕ್ಷೆಯ ಮೂಲೆಯ ಮೂರು ಸಹಿಗಳು: ರೈಲ್ವೆ ಎಂಜಿನಿಯರಿಂಗ್ ಸಲಹಾ ಸಂಸ್ಥೆಗಳಲ್ಲಿ ತಂಡ ಬೆಳೆಯುವ ಬಗೆ

(ಮಡಿಕೇರಿಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಪೋಷಕರು ಹಾಗೂ ಆಸಕ್ತ ಸಾರ್ವಜನಿಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯ ಹಿರಿಯರೇ, ಪೋಷಕರೇ ಮತ್ತು ವಿದ್ಯಾರ್ಥಿ ಮಿತ್ರರೇ,

ರೈಲು ಹಳಿಯೇ ಇಲ್ಲದ ಜಿಲ್ಲೆಯಲ್ಲಿ ರೈಲ್ವೆ ಎಂಜಿನಿಯರಿಂಗ್ ಕುರಿತು ಮಾತನಾಡಲು ಕರೆದಿದ್ದೀರಿ. ಮೈಸೂರಿನಿಂದ ಕುಶಾಲನಗರದವರೆಗೆ ಸುಮಾರು 87 ಕಿಲೋಮೀಟರ್ ಉದ್ದದ ಮಾರ್ಗದ ಪ್ರಸ್ತಾವ ವರ್ಷಗಳಿಂದ ಕಡತದಲ್ಲಿದೆ. ಅದು ಬೇಕೇ ಬೇಡವೇ ಎಂಬ ಚರ್ಚೆ ನಮ್ಮ ಮನೆಗಳಲ್ಲಿ, ಸಂಘ ಸಂಸ್ಥೆಗಳಲ್ಲಿ ನಡೆದೇ ಇದೆ. ಇಂದಿನ ನನ್ನ ವಿಷಯ ಅದಲ್ಲ. ಇಲ್ಲಿ ಹಳಿ ಇಲ್ಲದಿದ್ದರೂ ಹಳಿ, ಸೇತುವೆ, ಸುರಂಗ, ಸಿಗ್ನಲ್‌ಗಳ ವಿನ್ಯಾಸ ಮಾಡುವ ಬೆಂಗಳೂರಿನ ಕಚೇರಿಗಳಲ್ಲಿ ಕೊಡಗಿನ ಹುಡುಗ ಹುಡುಗಿಯರು ದುಡಿಯುತ್ತಿದ್ದಾರೆ. ಈ ಸಭಾಂಗಣದಲ್ಲಿ ಕುಳಿತಿರುವ ಕೆಲವರು ಇನ್ನೆರಡು ವರ್ಷಗಳಲ್ಲಿ ಅಂಥದೇ ಕಚೇರಿಯ ಬಾಗಿಲು ತಟ್ಟುವವರಿದ್ದೀರಿ. ಸಂಬಳ ಎಷ್ಟು, ವಿದೇಶಕ್ಕೆ ಹೋಗುವ ಅವಕಾಶ ಉಂಟೇ ಎಂಬ ಪ್ರಶ್ನೆಗಳನ್ನು ನೀವು ಹೇಗೂ ಕೇಳುತ್ತೀರಿ. ಅವುಗಳಿಗಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ನನ್ನ ಕೆಲಸವನ್ನು ಯಾರು ಪರಿಶೀಲಿಸುತ್ತಾರೆ? ಅದನ್ನು ನಿಮ್ಮ ಮನಸ್ಸಿಗೆ ತರುವುದಕ್ಕಾಗಿಯೇ ನಾನು ಬಂದಿದ್ದೇನೆ.

ಸಲಹಾ ಸಂಸ್ಥೆ ಎಂದರೇನು ಎಂಬುದನ್ನು ಪೋಷಕರಿಗಾಗಿ ಸಂಕ್ಷೇಪವಾಗಿ ಹೇಳುತ್ತೇನೆ. ಅದು ಹಳಿ ಹಾಕುವುದಿಲ್ಲ, ರೈಲು ಓಡಿಸುವುದಿಲ್ಲ. ರೈಲ್ವೆ ಇಲಾಖೆ, ಮೆಟ್ರೋ ನಿಗಮ ಅಥವಾ ಗುತ್ತಿಗೆದಾರರು ಕೇಳಿದಾಗ ಸಮೀಕ್ಷೆ ನಡೆಸಿ, ಮಾರ್ಗ ಯಾವ ಗುಡ್ಡದ ಯಾವ ಬದಿಯಲ್ಲಿ ಹೋಗಬೇಕೆಂದು ಗುರುತಿಸಿ, ಸವಿವರ ಯೋಜನಾ ವರದಿ ಬರೆದು, ಸೇತುವೆ ಮತ್ತು ಸಿಗ್ನಲ್‌ಗಳ ನಕ್ಷೆ ಸಿದ್ಧಪಡಿಸಿ, ಬೇರೆಯವರು ಮಾಡಿದ ವಿನ್ಯಾಸವನ್ನು ಪರೀಕ್ಷಿಸಿ ಕೊಡುತ್ತದೆ. ನಮ್ಮ ದೇಶದಲ್ಲಿ ರೈಲ್ವೆ ಸಚಿವಾಲಯದ ಅಧೀನದ ರೈಟ್ಸ್ ಸಂಸ್ಥೆ 1974ರಲ್ಲಿ ಹುಟ್ಟಿದ್ದು ಈ ಕೆಲಸಕ್ಕಾಗಿಯೇ. ಇಂದು ಖಾಸಗಿ ಸಂಸ್ಥೆಗಳೂ ಬಹಳ ಇವೆ; ಬೆಂಗಳೂರಿನಲ್ಲಿ ಕುಳಿತು ಬ್ರಿಟನ್ನಿನ, ಆಸ್ಟ್ರೇಲಿಯಾದ ಮಾರ್ಗಗಳಿಗೆ ನಕ್ಷೆ ಬರೆಯುವ ತಂಡಗಳಿವೆ. ಇವೆಲ್ಲವೂ ಕೊನೆಗೆ ಮಾರುವ ಸರಕು ಒಂದೇ, ಸಹಿ ಬಿದ್ದ ಕಾಗದ. ಪ್ರತಿ ನಕ್ಷೆಯ ಕೆಳಗಿನ ಬಲ ಮೂಲೆಯಲ್ಲಿ ಒಂದು ಚೌಕವಿರುತ್ತದೆ. ರಚಿಸಿದವರು, ಪರಿಶೀಲಿಸಿದವರು, ಅನುಮೋದಿಸಿದವರು ಎಂದು ಅಲ್ಲಿ ಮೂರು ಸಹಿಗಳ ಜಾಗ. ಸಂಸ್ಥೆಯ ಗೋಡೆಗಳ ಮೇಲೆ ತೂಗುಹಾಕಿದ ಧ್ಯೇಯವಾಕ್ಯಗಳಿಗಿಂತ ಆ ಚೌಕದ ನಡುವಿನ ಸಹಿಯನ್ನು ನೋಡಿ ಸಂಸ್ಥೆಯ ಸಂಸ್ಕೃತಿಯನ್ನು ಅಳೆಯಬೇಕೆಂಬುದು ನನ್ನ ನಿಲುವು. ಪರಿಶೀಲಿಸಿದವರು ನಿಜವಾಗಿ ಪರಿಶೀಲಿಸಿದ್ದಾರೆಯೇ? ಅವರಿಗೆ ಅದಕ್ಕೆ ಸಮಯವಿತ್ತೇ? ತಪ್ಪು ಕಂಡಾಗ ಅದನ್ನು ಹೇಳುವ ಧೈರ್ಯ ಅವರಿಗಿತ್ತೇ, ಕೇಳಿಸಿಕೊಳ್ಳುವ ಮನಸ್ಸು ಇತರರಿಗಿತ್ತೇ?

ಆ ನಡುವಿನ ಸಹಿ ಹುಸಿಯಾದರೆ ಏನಾಗುತ್ತದೆ ಎಂಬುದಕ್ಕೆ ರೈಲ್ವೆ ಲೋಕ ಎಂದೂ ಮರೆಯಬಾರದ ಘಟನೆಯೊಂದಿದೆ. 1988ರ ಡಿಸೆಂಬರ್ 12, ಸೋಮವಾರದ ಬೆಳಗ್ಗೆ. ಲಂಡನ್ನಿನ ಕ್ಲ್ಯಾಪಂ ಜಂಕ್ಷನ್ ಬಳಿ ಕೆಲಸಕ್ಕೆ ಹೊರಟವರಿಂದ ತುಂಬಿದ್ದ ರೈಲಿನ ಚಾಲಕ, ತನ್ನ ಮುಂದಿನ ಸಿಗ್ನಲ್ ವಿಚಿತ್ರವಾಗಿ ಬದಲಾದದ್ದನ್ನು ಕಂಡು, ನಿಯಮದಂತೆ ರೈಲು ನಿಲ್ಲಿಸಿ ಸಿಗ್ನಲ್ ಕೊಠಡಿಗೆ ದೂರವಾಣಿ ಮಾಡಲು ಇಳಿದನು. ಅವನ ಹಿಂದಿದ್ದ ಸಿಗ್ನಲ್ ಆಗ ಕೆಂಪಾಗಬೇಕಿತ್ತು, ಆಗಲಿಲ್ಲ. ಹಿಂದಿನಿಂದ ಬಂದ ರೈಲು ನಿಂತ ರೈಲಿಗೆ ಗುದ್ದಿತು, 35 ಜನ ಸತ್ತರು. ಕಾರಣ ಒಂದು ತಂತಿ. ಹಳೆಯ ಸಿಗ್ನಲ್ ವ್ಯವಸ್ಥೆಯನ್ನು ತೆಗೆದು ಹೊಸದನ್ನು ಜೋಡಿಸುವಾಗ ತಂತ್ರಜ್ಞನೊಬ್ಬ ಹಳೆಯ ತಂತಿಯ ಒಂದು ತುದಿಯನ್ನು ರಿಲೇಯಿಂದ, ಅಂದರೆ ಸಿಗ್ನಲ್ ನಡೆಸುವ ವಿದ್ಯುತ್ ಸ್ವಿಚ್ಚಿನಿಂದ, ಬಿಡಿಸಿ, ಅದನ್ನು ಕತ್ತರಿಸದೆ, ಸರಿಯಾಗಿ ನಿರೋಧಕ ಸುತ್ತಿ ಕಟ್ಟದೆ, ಸುಮ್ಮನೆ ಪಕ್ಕಕ್ಕೆ ಬಾಗಿಸಿ ಬಿಟ್ಟಿದ್ದ. ಇನ್ನೊಂದು ತುದಿಯಲ್ಲಿ ಅದು ಇನ್ನೂ ವಿದ್ಯುತ್ತಿಗೆ ಸೇರಿಕೊಂಡೇ ಇತ್ತು. ಎರಡು ವಾರಗಳ ನಂತರ ಪಕ್ಕದ ರಿಲೇಯಲ್ಲಿ ಬೇರೆ ಕೆಲಸ ನಡೆದಾಗ ಆ ತಂತಿ ಅಲುಗಿ, ತನ್ನ ಹಳೆಯ ಜಾಗವನ್ನೇ ಮತ್ತೆ ಮುಟ್ಟಿತು. ಕೆಂಪಾಗಬೇಕಿದ್ದ ಸಿಗ್ನಲ್‌ಗೆ ಎಲ್ಲಿಂದಲೋ ವಿದ್ಯುತ್ ಹರಿಯಿತು.

ಒಬ್ಬನ ನಿರ್ಲಕ್ಷ್ಯ ಎಂದು ಅಲ್ಲಿಗೇ ಮುಗಿಸಬಹುದಿತ್ತು. ವಿಚಾರಣೆಯ ನೇತೃತ್ವ ವಹಿಸಿದ್ದ ಆಂಥನಿ ಹಿಡನ್ ಹಾಗೆ ಮುಗಿಸಲಿಲ್ಲ ಎಂಬುದೇ ಆ ವರದಿಯ ದೊಡ್ಡತನ. ಆ ತಂತ್ರಜ್ಞ ತಂತಿಗಳನ್ನು ಹಾಗೆ ಬಾಗಿಸಿ ಬಿಡುವುದು ಅಂದಿನ ಒಂದು ದಿನದ ಚಾಳಿಯಲ್ಲ, ವರ್ಷಗಳಿಂದ ನಡೆದುಬಂದ ರೂಢಿ ಎಂಬುದು ವಿಚಾರಣೆಯಲ್ಲಿ ಹೊರಬಿತ್ತು. ಇದು ತಪ್ಪು ಎಂದು ಆತನಿಗೆ ಯಾರೂ ಎಂದೂ ಹೇಳಿರಲಿಲ್ಲ, ಏಕೆಂದರೆ ಅವನ ಕೆಲಸವನ್ನು ಯಾರೂ ಬಾಗಿ ನೋಡಿರಲಿಲ್ಲ. ಮೇಲ್ವಿಚಾರಕರು ಆ ದಿನ ಬೇರೆ ಕಡೆ ತಾವೇ ಕೈಕೆಲಸದಲ್ಲಿ ತೊಡಗಿದ್ದರು. ಕೆಲಸ ಮುಗಿದ ಮೇಲೆ ನಡೆಯಬೇಕಿದ್ದ ಪರೀಕ್ಷೆಯಲ್ಲಿ ತಂತಿ ಎಣಿಕೆ ಎಂಬ ಸರಳ ಹಂತವೊಂದಿತ್ತು. ಪ್ರತಿ ರಿಲೇಯ ತುದಿಯಲ್ಲಿ ನಕ್ಷೆ ಹೇಳುವಷ್ಟೇ ತಂತಿಗಳಿವೆಯೇ ಎಂದು ಬೆರಳಿಟ್ಟು ಎಣಿಸುವುದು. ಯಾರಾದರೊಬ್ಬರು ಎಣಿಸಿದ್ದರೆ ಒಂದು ತಂತಿ ಹೆಚ್ಚಿದೆ ಎಂಬುದು ಕಂಡುಬಿಡುತ್ತಿತ್ತು. ಮಾಡಬೇಕಾದವರಿಗೆ ಅದು ತಮ್ಮ ಕೆಲಸವೆಂದೇ ತಿಳಿದಿರಲಿಲ್ಲ, ಏಕೆಂದರೆ ಪರೀಕ್ಷೆಯ ಸೂಚನಾಪತ್ರ ಸರಿಯಾಗಿ ತಲುಪಿರಲಿಲ್ಲ, ಅರ್ಥವಾಗಿರಲಿಲ್ಲ. ಇನ್ನೊಂದು ಸಂಗತಿ ನನ್ನನ್ನು ಇಂದಿಗೂ ಕಾಡುತ್ತದೆ. ಆ ತಂತ್ರಜ್ಞನಿಗೆ ಹಿಂದಿನ 13 ವಾರಗಳಲ್ಲಿ ಸಿಕ್ಕಿದ್ದು ಒಂದೇ ಒಂದು ರಜೆಯ ದಿನ.

ಬ್ರಿಟನ್ನಿನ ರೈಲ್ವೆಗೆ ಕೆಲಸ ಮಾಡುವ ತಂಡಗಳಲ್ಲಿ ಹೊಸಬರು ಸೇರಿದ ಮೊದಲ ವಾರವೇ ಅವರನ್ನು ಕೂರಿಸಿ ಈ ಘಟನೆಯನ್ನು ಓದಿಸಬೇಕೆಂಬುದು ನನ್ನ ಅಭಿಪ್ರಾಯ. ಅಲ್ಲಿನ ಸಿಗ್ನಲ್ ನಕ್ಷೆಗಳಲ್ಲಿ ಹೊಸದಾಗಿ ಸೇರಿಸುವುದನ್ನು ಕೆಂಪಿನಲ್ಲಿ, ತೆಗೆದುಹಾಕುವುದನ್ನು ಹಸಿರಿನಲ್ಲಿ ಬರೆಯುವ ಪದ್ಧತಿಯಿದೆ. ಹೊಸಬರ ಗಮನವೆಲ್ಲ ಕೆಂಪು ಗೆರೆಗಳ ಮೇಲಿರುತ್ತದೆ. ಹೊಸದನ್ನು ಕಟ್ಟುವುದರಲ್ಲಿ ಉತ್ಸಾಹವಿರುವುದು ಸಹಜ. ಹಸಿರು ಗೆರೆ ಎಂದರೆ ಅಲ್ಲಿ ಜೀವಂತ ತಂತಿಯೊಂದನ್ನು ಬೇರುಸಮೇತ ತೆಗೆಯಬೇಕು ಎಂಬ ಆದೇಶ ಎಂಬುದನ್ನು ಕ್ಲ್ಯಾಪಂ ಕಥೆ ಓದಿದವರು ಮರೆಯುವುದಿಲ್ಲ. ಪರಿಶೀಲಕರು ನಕ್ಷೆಯ ಮುದ್ರಿತ ಪ್ರತಿಯನ್ನು ಮುಂದಿಟ್ಟುಕೊಂಡು, ಸರಿಯೆಂದು ಕಂಡ ಪ್ರತಿ ಗೆರೆ, ಪ್ರತಿ ಅಂಕಿ, ಪ್ರತಿ ತಂತಿ ಸಂಖ್ಯೆಯ ಮೇಲೆ ಹಳದಿ ಹೈಲೈಟರ್ ಎಳೆಯುತ್ತ ಹೋಗುತ್ತಾರೆ. ಕೊನೆಯಲ್ಲಿ ಹಾಳೆಯ ಮೇಲೆ ಹಳದಿ ಬೀಳದ ಗೆರೆ ಒಂದೂ ಇರಬಾರದು. ಒಂದು ದೊಡ್ಡ ನಕ್ಷೆಗೆ ಇಡೀ ದಿನ ಹಿಡಿಯಬಹುದು, ಕಣ್ಣು ನೋಯುತ್ತದೆ, ನೋಡುವವರಿಗೆ ಇದು ಜಾಣರ ಕೆಲಸವೆಂದು ಅನ್ನಿಸುವುದೂ ಇಲ್ಲ. ಆದರೆ ಆ ಹಳದಿ ಹಾಳೆಯನ್ನು ಫೈಲಿನಲ್ಲಿ ಇಟ್ಟುಕೊಳ್ಳುವ ತಂಡಕ್ಕೂ, ಪರದೆಯ ಮೇಲೆ ಒಮ್ಮೆ ಕಣ್ಣಾಡಿಸಿ ಸಹಿ ಒತ್ತುವ ತಂಡಕ್ಕೂ ಅಜಗಜಾಂತರ.

ಹಿಡನ್ ವರದಿಯ ನಂತರ ಬ್ರಿಟನ್ನಿನಲ್ಲಿ ಸುರಕ್ಷತೆಗೆ ಸಂಬಂಧಿಸಿದ ಕೆಲಸ ಮಾಡುವವರ ದುಡಿಮೆಗೆ ಮಿತಿ ಬಂತು. ಒಂದು ಪಾಳಿ 12 ಗಂಟೆ ಮೀರಬಾರದು, ವಾರಕ್ಕೆ 72 ಗಂಟೆ ಮೀರಬಾರದು, ಎರಡು ಪಾಳಿಗಳ ನಡುವೆ 12 ಗಂಟೆ ವಿಶ್ರಾಂತಿ ಬೇಕು, 14 ದಿನಗಳಲ್ಲಿ 13ಕ್ಕಿಂತ ಹೆಚ್ಚು ಪಾಳಿ ಕೂಡದು. ಇವು ಹೊರಗೆ ಹಳಿಯ ಬಳಿ ದುಡಿಯುವವರನ್ನು ನೆನೆದು ಮಾಡಿದ ಮಿತಿಗಳು. ವಿನ್ಯಾಸ ಕಚೇರಿಗಳಲ್ಲಿ ಮಾತ್ರ ನಕ್ಷೆ ಒಪ್ಪಿಸುವ ಕೊನೆಯ ದಿನದ ಹಿಂದಿನ ರಾತ್ರಿಯನ್ನು ಪೂರ್ತಿ ಎಚ್ಚರವಿದ್ದು ಕಳೆದವರನ್ನು ಮರುದಿನ ಹೊಗಳುವ ವಾಡಿಕೆ ಇನ್ನೂ ಇದೆ. ನಿದ್ದೆಗೆಟ್ಟ ಕಣ್ಣು ಪರಿಶೀಲನೆಗೆ ಬಾರದು. ರಾತ್ರಿ ಎರಡು ಗಂಟೆಗೆ ಹಾಕಿದ ಪರಿಶೀಲನೆಯ ಸಹಿಯನ್ನು ಒಪ್ಪಿಕೊಳ್ಳದ ವ್ಯವಸ್ಥಾಪಕರು ಇರುವ ತಂಡ ಸಿಕ್ಕರೆ ನೀವು ಪುಣ್ಯವಂತರು.

ಇನ್ನು ಬೆಳವಣಿಗೆಯ ಮಾತು. ಕ್ಲ್ಯಾಪಂ ಆಗಿ ಸುಮಾರು 29 ವರ್ಷಗಳ ನಂತರ, 2017ರ ಆಗಸ್ಟ್ 15ರಂದು, ಲಂಡನ್ನಿನ ವಾಟರ್ಲೂ ನಿಲ್ದಾಣದಿಂದ ಹೊರಟ ರೈಲೊಂದು ತಪ್ಪು ದಾರಿಗೆ ತಿರುಗಿ ಅಲ್ಲಿ ನಿಂತಿದ್ದ ವ್ಯಾಗನ್‌ಗಳಿಗೆ ತಾಗಿತು. ವೇಗ ಕಡಿಮೆಯಿದ್ದುದರಿಂದ ಜೀವಹಾನಿ ಆಗಲಿಲ್ಲ. ಪರೀಕ್ಷೆಯ ಸಮಯದಲ್ಲಿ ನಿಯಮಬದ್ಧ ಒಪ್ಪಿಗೆಯಿಲ್ಲದೆ ಜೋಡಿಸಿದ ತಂತಿ ಅದಕ್ಕೆ ಕಾರಣವಾಗಿತ್ತು. ಕ್ಲ್ಯಾಪಂನ ಪಾಠಗಳು ಉದ್ಯಮದ ನೆನಪಿನಿಂದ ಮಾಸುತ್ತಿವೆಯೇನೋ ಎಂಬ ಆತಂಕವನ್ನು ಅಲ್ಲಿನ ತನಿಖಾ ಸಂಸ್ಥೆ ವ್ಯಕ್ತಪಡಿಸಿತು. ನಮ್ಮ ದೇಶದ್ದೇ ಹೇಳಬೇಕೆಂದರೆ, 2023ರ ಜೂನ್ 2ರಂದು ಬಾಲಸೋರ್ ಬಳಿಯ ಬಹನಾಗಾ ಬಜಾರ್‌ನಲ್ಲಿ 290ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ದುರಂತ. ಹಿಂದೆ ಯಾವಾಗಲೋ ಸಿಗ್ನಲ್ ಸರ್ಕ್ಯೂಟ್ ಬದಲಾಯಿಸಿದಾಗ ಆದ ಲೋಪ ಮತ್ತು ಲೆವೆಲ್ ಕ್ರಾಸಿಂಗ್ ಗೇಟಿನ ವಿದ್ಯುತ್ ತಡೆಕಂಬ ಬದಲಾಯಿಸುವ ಕೆಲಸದಲ್ಲಿ ಆದ ಲೋಪ, ಇವೆರಡೂ ಸೇರಿ ಅಪಘಾತವಾಯಿತೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತು. ಹಳೆಯ ಲೋಪವೊಂದು ಪೆಟ್ಟಿಗೆಯೊಳಗೆ ವರ್ಷಗಟ್ಟಲೆ ಅಡಗಿ ಕೂತು, ಇನ್ನೊಂದು ಕೆಲಸದ ದಿನಕ್ಕಾಗಿ ಕಾಯುತ್ತಿತ್ತು ಎನ್ನುವುದು ಕ್ಲ್ಯಾಪಂ ಓದಿದವರಿಗೆ ಎಷ್ಟು ಪರಿಚಿತ ಎಂಬುದನ್ನು ನೀವೇ ಯೋಚಿಸಿ.

ಹೀಗಿರುವಾಗ ಸಲಹಾ ಸಂಸ್ಥೆಯೊಂದು ಬೆಳೆಯುತ್ತಿದೆ ಎಂದರೆ ಏನನ್ನು ಅಳೆಯಬೇಕು? ಸಿಬ್ಬಂದಿಯ ಸಂಖ್ಯೆ, ವಹಿವಾಟು, ಹೊಸ ಕಚೇರಿಗಳು, ಇವನ್ನು ಎಲ್ಲರೂ ಅಳೆಯುತ್ತಾರೆ. ನನ್ನ ಲೆಕ್ಕದಲ್ಲಿ ಅಳೆಯಬೇಕಾದದ್ದು, ಇನ್ನೊಬ್ಬರ ವಿನ್ಯಾಸವನ್ನು ನಂಬಬಹುದಾದಂತೆ ಪರಿಶೀಲಿಸಬಲ್ಲವರು ಎಷ್ಟು ಜನ ಹೆಚ್ಚಿದರು ಎಂಬುದನ್ನು. ದೊಡ್ಡ ಕಾಮಗಾರಿ ಸಿಕ್ಕಿತೆಂದು ನಲವತ್ತು ಹೊಸಬರನ್ನು ಒಂದೇ ತಿಂಗಳಲ್ಲಿ ಸೇರಿಸಿಕೊಳ್ಳಬಹುದು. ಪರಿಶೀಲಕರನ್ನು ಹಾಗೆ ಸೇರಿಸಿಕೊಳ್ಳಲಾಗದು, ಬೆಳೆಸಬೇಕು, ಅದಕ್ಕೆ ವರ್ಷಗಳು ಬೇಕು. ಇಲ್ಲಿ ತೋಟ ಮಾಡುವ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆಟ್ಟ ವರ್ಷವೇ ಕಾಫಿ ಗಿಡದಿಂದ ಯಾರೂ ಫಸಲು ಕೇಳುವುದಿಲ್ಲ. ಹೊಸಬರ ಸಂಖ್ಯೆ ನಾಲ್ಕು ಪಟ್ಟಾಗಿ ಪರಿಶೀಲಕರು ಇದ್ದಷ್ಟೇ ಉಳಿದರೆ ಆ ಮಧ್ಯದ ಸಹಿ ತೆಳ್ಳಗಾಗುತ್ತದೆ. ನಕ್ಷೆಗಳು ಹೊರಬೀಳುತ್ತಲೇ ಇರುತ್ತವೆ, ಗ್ರಾಹಕರು ಹಣ ಕೊಡುತ್ತಲೇ ಇರುತ್ತಾರೆ, ಏನೋ ತಪ್ಪಾಗಿದೆ ಎಂದು ತಿಳಿಯುವುದು ಬಹಳ ತಡವಾಗಿ.

ಇದರ ಹಿಂದೆ ಹಣದ ಒತ್ತಡವಿದೆ, ಅದನ್ನು ಮುಚ್ಚಿಡಬಾರದು. ಸಲಹಾ ಸಂಸ್ಥೆಯಲ್ಲಿ ಪ್ರತಿಯೊಬ್ಬರೂ ವಾರಕ್ಕೊಮ್ಮೆ ಟೈಮ್‌ಶೀಟ್ ತುಂಬುತ್ತಾರೆ, ಯಾವ ಯೋಜನೆಗೆ ಎಷ್ಟು ಗಂಟೆ ಎಂದು. ಗ್ರಾಹಕರ ಬಿಲ್ಲಿಗೆ ಸೇರುವ ಗಂಟೆಗಳು ಎಷ್ಟು ಪಾಲು ಎಂಬುದರ ಮೇಲೆ ವ್ಯವಸ್ಥಾಪಕರ ಸಾಧನೆಯನ್ನು ತೂಗುವ ಪದ್ಧತಿ ಸಾಮಾನ್ಯ. ಹಿರಿಯ ಎಂಜಿನಿಯರೊಬ್ಬರು ಹೊಸಬರ ಪಕ್ಕದಲ್ಲಿ ಕುಳಿತು, ಈ ತಿರುವಿನ ತ್ರಿಜ್ಯ ಹೀಗೇಕೆ, ಈ ಸಿಗ್ನಲ್ ಕಂಬ ಇಲ್ಲೇ ಏಕೆ ಎಂದು ಎರಡು ಗಂಟೆ ವಿವರಿಸಿದರೆ ಆ ಎರಡು ಗಂಟೆಗೆ ಯಾವ ಗ್ರಾಹಕರೂ ದುಡ್ಡು ಕೊಡುವುದಿಲ್ಲ. ಟೆಂಡರಿನಲ್ಲಿ ಕಡಿಮೆ ದರ ಹಾಕಿದವರಿಗೇ ಕೆಲಸ ಎನ್ನುವ ಕಡೆ ಮೊದಲು ಕತ್ತರಿ ಬೀಳುವುದು ಈ ಗಂಟೆಗಳಿಗೇ. ಟೆಂಡರಿನ ಕಡತದಲ್ಲಿ ದೊಡ್ಡ ಅನುಭವಿಗಳ ಹೆಸರು ತೋರಿಸಿ, ಕೆಲಸ ಸಿಕ್ಕ ಮೇಲೆ ಅವರನ್ನು ಬೇರೆಡೆಗೆ ಕಳುಹಿಸಿ, ಅನನುಭವಿಗಳ ಕೈಗೆ ಕಾಮಗಾರಿ ಒಪ್ಪಿಸುವ ದುರಭ್ಯಾಸವೂ ಈ ವೃತ್ತಿಯಲ್ಲಿ ಇಲ್ಲದಿಲ್ಲ. ಕಲಿಸುವ ಗಂಟೆಗೆ ಟೈಮ್‌ಶೀಟ್‌ನಲ್ಲಿ ಪ್ರತ್ಯೇಕ ಸಾಲೊಂದನ್ನು ಇಟ್ಟು, ಅದನ್ನು ನಷ್ಟವೆನ್ನದೆ ಕೆಲಸವೆಂದೇ ಎಣಿಸುವ ಸಂಸ್ಥೆಗಳು ಉಂಟು. ಮೊದಲ ಎರಡು ವರ್ಷ ಅವುಗಳ ಲಾಭ ಸ್ವಲ್ಪ ತಗ್ಗಬಹುದು. ಆಮೇಲೆ ನಕ್ಷೆಗಳು ತಿದ್ದುಪಡಿಗಾಗಿ ಮರಳಿ ಬರುವುದು ಕಡಿಮೆಯಾಗುತ್ತದೆ, ಜನ ಬಿಟ್ಟು ಹೋಗುವುದೂ ಕಡಿಮೆಯಾಗುತ್ತದೆ.

ಈಗ ನಮ್ಮ ನೆಲಕ್ಕೆ ಹತ್ತಿರದ ಒಂದು ವಿಚಾರಕ್ಕೆ ಬರುತ್ತೇನೆ. ಕೊಡಗಿನ ಮನೆಗಳಲ್ಲಿ ಹಿರಿಯರ ಕಾಲು ಮುಟ್ಟಿ ಬೆಳೆದವರು ನಾವು. ಒಕ್ಕದ, ಅಂದರೆ ಕೊಡವ ಮನೆತನದ, ಹಿರಿಯ ಯಜಮಾನರಾದ ಪಟ್ಟೆದಾರರು ಮಾತನಾಡುವಾಗ ನಡುವೆ ಬಾಯಿ ಹಾಕಬಾರದೆಂದು ಕಲಿತವರು. ಈ ಗೌರವವನ್ನು ಬಿಡಿ ಎಂದು ಹೇಳಲು ನಾನು ಬಂದಿಲ್ಲ. ಆದರೆ ಇಪ್ಪತ್ತೆರಡರ ಹುಡುಗಿಯೊಬ್ಬಳು ಮೂವತ್ತು ವರ್ಷ ಅನುಭವದ ಎಂಜಿನಿಯರರ ಲೆಕ್ಕದಲ್ಲಿ ತಪ್ಪು ಕಂಡಾಗ ಏನು ಮಾಡಬೇಕು? ಧೈರ್ಯವಾಗಿ ಹೇಳು ಎಂದು ಉಪದೇಶಿಸಿದರೆ ಸಾಲದು. ಹೇಳುವ ಹೊರೆಯನ್ನೆಲ್ಲ ಅವಳ ತಲೆಯ ಮೇಲೆ ಹಾಕಿದಂತಾಗುತ್ತದೆ. ಹೇಳುವುದೇ ಅವಳ ಕರ್ತವ್ಯ ಎಂದು ವ್ಯವಸ್ಥೆ ಗೊತ್ತುಮಾಡಬೇಕು. ಭಾರತೀಯ ರೈಲ್ವೆಯ ಎಂಜಿನ್ನಿನಲ್ಲಿ ಇದು ದಶಕಗಳಿಂದ ಇದೆ. ಸಿಗ್ನಲ್ ಕಣ್ಣಿಗೆ ಬಿದ್ದೊಡನೆ ಲೋಕೋ ಪೈಲಟ್ ಮತ್ತು ಸಹಾಯಕ ಲೋಕೋ ಪೈಲಟ್ ಇಬ್ಬರೂ ಅದರ ಬಣ್ಣವನ್ನು ಗಟ್ಟಿಯಾಗಿ ಪರಸ್ಪರ ಕೂಗಿ ಹೇಳಲೇಬೇಕು. ಸಹಾಯಕ ಎಷ್ಟೇ ಕಿರಿಯನಾಗಿದ್ದರೂ ಕೂಗುವುದು ಉದ್ಧಟತನವಲ್ಲ, ಕೂಗದಿರುವುದು ಅಪರಾಧ. ಪರಿಶೀಲನೆಯ ಹಾಳೆಯೂ ಹಾಗೆಯೇ ಇರಬೇಕು. ಪರಿಶೀಲಕರ ಪ್ರತಿ ಆಕ್ಷೇಪಕ್ಕೆ ರಚಿಸಿದವರು ಲಿಖಿತವಾಗಿ ಉತ್ತರಿಸಬೇಕು, ಉತ್ತರ ಒಪ್ಪಿಗೆಯಾಗದೆ ಆ ಸಾಲು ಮುಚ್ಚಬಾರದು, ರಚಿಸಿದವರು ನಿರ್ದೇಶಕರೇ ಆಗಿದ್ದರೂ ಸರಿ. ಹೀಗಿರುವ ಕಡೆ ಗೌರವಕ್ಕೂ ಪ್ರಶ್ನೆಗೂ ಜಗಳವಿಲ್ಲ.

ನಾನು ಕಣ್ಣಾರೆ ಕಂಡದ್ದೊಂದನ್ನು ಹೇಳುತ್ತೇನೆ. ಘಟ್ಟದ ಮಾರ್ಗವೊಂದರಲ್ಲಿ ಗುಡ್ಡ ಕೊರೆದ ಕಟಿಂಗ್‌ನ ಚರಂಡಿ ವಿನ್ಯಾಸವನ್ನು ಪರಿಶೀಲಿಸುವ ಸಭೆ. ಮೇಲಿನಿಂದ ಹರಿದು ಬರುವ ಮಳೆನೀರು ಕಟಿಂಗ್‌ಗೆ ಇಳಿಯದಂತೆ ಗುಡ್ಡದ ಮೇಲ್ಭಾಗದಲ್ಲೇ ಅದನ್ನು ಹಿಡಿದು ಪಕ್ಕಕ್ಕೆ ಒಯ್ಯುವ ಚರಂಡಿ ಇರುತ್ತದೆ. ಮಳೆಯ ಪ್ರಮಾಣ, ಇಳಿಜಾರು, ನೀರು ಹರಿದು ಬರುವ ವಿಸ್ತೀರ್ಣ, ಎಲ್ಲ ಲೆಕ್ಕವೂ ಸರಿಯಿತ್ತು. ಸೋಮವಾರಪೇಟೆ ಕಡೆಯ ಕಿರಿಯ ಎಂಜಿನಿಯರೊಬ್ಬಳು, "ಸರ್, ಇದು ಮೇಲೆ ಬೀಳುವ ನೀರಿನ ಲೆಕ್ಕ. ಒಳಗಿಂದ ಬರುವ ನೀರಿನದು ಎಲ್ಲಿದೆ?" ಎಂದು ಕೇಳಿದಳು. ಸಭೆಯಲ್ಲಿ ಯಾರೂ ಮಾತನಾಡಲಿಲ್ಲ. ಅವಳು ತನ್ನ ಮೊಬೈಲಿನಲ್ಲಿದ್ದ ಚಿತ್ರವೊಂದನ್ನು ತೋರಿಸಿದಳು. ಮಾರ್ಚ್ ತಿಂಗಳಲ್ಲಿ ಸ್ಥಳಕ್ಕೆ ಹೋದಾಗ ತೆಗೆದದ್ದು. ಸುತ್ತಲಿನ ಹುಲ್ಲೆಲ್ಲ ಒಣಗಿ ಕಂದಾಗಿದ್ದ ಇಳಿಜಾರಿನ ನಡುವೆ, ಒಂದು ಮಡಿಕೆಯಲ್ಲಿ ಕಾಡುಕೆಸುವಿನ ಪೊದೆ ಹಚ್ಚಗೆ ನಿಂತಿತ್ತು. "ಬೇಸಗೆಯಲ್ಲಿ ಕೆಸ ಹೀಗಿರುವ ಕಡೆ ಮಳೆಗಾಲದಲ್ಲಿ ಜಲ ಒಡೆಯುತ್ತದೆ ಸರ್, ನಮ್ಮ ತೋಟದಲ್ಲೂ ಹಾಗೆಯೇ" ಎಂದಳು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳು ಜಾರಿದ್ದನ್ನು ಕಂಡ ಜಿಲ್ಲೆಯ ಹುಡುಗಿ ಅವಳು. ಅದೇ ತಿಂಗಳು ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರಸ್ತೆ ನಿಲ್ದಾಣಗಳ ನಡುವಿನ ಘಟ್ಟದ ಮಾರ್ಗದ ಮೇಲೂ ಹಲವೆಡೆ ಗುಡ್ಡ ಕುಸಿದು ವಾರಗಟ್ಟಲೆ ರೈಲು ನಿಂತಿತ್ತು. ಸುಮಾರು 55 ಕಿಲೋಮೀಟರ್ ಉದ್ದದಲ್ಲಿ 57 ಸುರಂಗಗಳನ್ನು ಹೊಕ್ಕು, 50 ಅಡಿಗೆ ಒಂದಡಿಯಂತೆ ಏರುವ ಆ ಮಾರ್ಗ ನಮ್ಮ ಪುಷ್ಪಗಿರಿ ಬೆಟ್ಟಗಳ ಆಚೆ ಬದಿಯಲ್ಲೇ ಇದೆ; ಆ ಮಾರ್ಗದ ಎಡಕುಮೇರಿ ನಿಲ್ದಾಣದ ಮಳೆಗೂ ನಮ್ಮ ಮಳೆಗೂ ವ್ಯತ್ಯಾಸವಿಲ್ಲ. ಸಭೆಯ ಅಧ್ಯಕ್ಷತೆ ವಹಿಸಿದ್ದ ಹಿರಿಯರು ಅವಳ ಮಾತನ್ನು ಪರಿಶೀಲನಾ ಹಾಳೆಯಲ್ಲಿ ಅವಳ ಹೆಸರಿನಲ್ಲೇ ಬರೆಸಿ, ಆ ಮಡಿಕೆಯಲ್ಲಿ ಅಂತರ್ಜಲದ ಒತ್ತಡ ಅಳೆಯುವ ಕೊಳವೆ ಇಳಿಸಲು ಸೂಚಿಸಿದರು. ಮಳೆಗಾಲ ಬಂದಾಗ ಕೊಳವೆಯಲ್ಲಿ ನೀರು ಏರಿತು. ಇಳಿಜಾರಿನ ಒಳಕ್ಕೆ ಅಡ್ಡಡ್ಡ ರಂಧ್ರ ಕೊರೆದು ನೀರು ಬಸಿಯುವ ಕೊಳವೆಗಳನ್ನು ವಿನ್ಯಾಸಕ್ಕೆ ಸೇರಿಸಲಾಯಿತು.

ಅವಳು ಸ್ಥಳಕ್ಕೆ ಹೋಗಿದ್ದಳು ಎಂಬುದನ್ನು ಗಮನಿಸಿ. ಎಷ್ಟೋ ತಂಡಗಳಲ್ಲಿ ಕಿರಿಯರು ವರ್ಷಗಟ್ಟಲೆ ಪರದೆಯ ಮುಂದೆಯೇ ಇರುತ್ತಾರೆ. ಪ್ರವಾಸದ ಖರ್ಚು ಉಳಿಯಿತೆಂದು ಸಂಸ್ಥೆ ಸಂತೋಷಪಡುತ್ತದೆ. ರೈಲ್ವೆ ವಿನ್ಯಾಸಕ್ಕೆ ಕೂರುವ ಪ್ರತಿಯೊಬ್ಬರೂ ಕೀಮ್ಯಾನ್‌ನೊಬ್ಬನ ಜೊತೆ ಒಂದು ಬೆಳಗ್ಗೆ ಹಳಿಯ ಮೇಲೆ ನಡೆಯಬೇಕು. ಸುತ್ತಿಗೆ, ಸ್ಪ್ಯಾನರ್, ಕೆಂಪು ಹಸಿರು ಬಾವುಟ ಹೊತ್ತು ತನ್ನ ಪಾಲಿನ ಹಳಿಯನ್ನು ದಿನವೂ ನಡೆದು ನೋಡುವ ಆತ ಎಲ್ಲಿ ಬಾಗುತ್ತಾನೆ, ಎಲ್ಲಿ ನಿಲ್ಲುತ್ತಾನೆ, ಎಲ್ಲಿ ಕಾಲಿನಿಂದ ಜಲ್ಲಿ ಸರಿಸಿ ನೋಡುತ್ತಾನೆ ಎಂಬುದನ್ನು ಕಂಡವರು ಮುಂದೆ ಚರಂಡಿಯನ್ನು ಕಾಗದದ ಮೇಲಿನ ಗೆರೆಯೆಂದು ತಿಳಿಯುವುದಿಲ್ಲ.

ಕಲಿಯುವುದು ವ್ಯಕ್ತಿಗಳಷ್ಟೇ ಅಲ್ಲ, ಸಂಸ್ಥೆಗಳೂ ಕಲಿಯುತ್ತವೆ ಎಂಬುದಕ್ಕೆ ಕೊಂಕಣ ರೈಲ್ವೆ ಸಾಕ್ಷಿ. 1990ರಲ್ಲಿ ನಿಗಮ ರಚನೆಯಾಗಿ, ಇ. ಶ್ರೀಧರನ್ ಅವರ ನೇತೃತ್ವದಲ್ಲಿ ಸುಮಾರು 740 ಕಿಲೋಮೀಟರ್ ಮಾರ್ಗ 1998ರ ಜನವರಿಗೆ ಪೂರ್ತಿಯಾಯಿತು. ಅದರ ವೇಗವನ್ನು ಎಲ್ಲರೂ ಮೆಚ್ಚುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅನಂತರದ ವರ್ಷಗಳು. 2003ರ ಜೂನ್‌ನಲ್ಲಿ ವೈಭವವಾಡಿ ಬಳಿ ಕಟಿಂಗ್ ಕುಸಿದು ರೈಲು ಹಳಿ ತಪ್ಪಿ ಸುಮಾರು ಐವತ್ತು ಜನ ಸತ್ತರು. ಆ ಮೇಲೆ ಇಳಿಜಾರುಗಳನ್ನು ತಗ್ಗಿಸುವುದು, ಬಂಡೆಗಳಿಗೆ ಬಲೆ ಹೊದಿಸುವುದು, ಮಳೆಮಾಪಕಗಳನ್ನು ಇಡುವುದು, ಗಸ್ತು ಹೆಚ್ಚಿಸುವುದು ಒಂದೊಂದಾಗಿ ನಡೆದವು. ಮಳೆಗಾಲಕ್ಕೆ ವೇಗ ತಗ್ಗಿಸಿದ ಪ್ರತ್ಯೇಕ ವೇಳಾಪಟ್ಟಿಯೇ ಇಂದು ಪ್ರತಿ ವರ್ಷ ಜಾರಿಗೆ ಬರುತ್ತದೆ. ತನ್ನ ವಿನ್ಯಾಸ ಎಲ್ಲಿ ಸೋಲಬಹುದು ಎಂಬುದನ್ನು ವೇಳಾಪಟ್ಟಿಯಲ್ಲಿ ಬಹಿರಂಗವಾಗಿ ಒಪ್ಪಿಕೊಳ್ಳುವುದು ಪ್ರಬುದ್ಧತೆ.

ಪರಿಶೀಲಿಸುವವರು ಸ್ವತಂತ್ರರಾಗಿರಬೇಕೆಂಬ ತತ್ತ್ವ ನಮ್ಮ ವ್ಯವಸ್ಥೆಯಲ್ಲೇ ಇದೆ. ಹೊಸ ಮಾರ್ಗದಲ್ಲಿ ಪ್ರಯಾಣಿಕರ ರೈಲು ಓಡಬೇಕಾದರೆ ರೈಲ್ವೆ ಸುರಕ್ಷತಾ ಆಯುಕ್ತರು ನೋಡಿ ಒಪ್ಪಬೇಕು, ಆ ಆಯುಕ್ತರ ಇಲಾಖೆಯನ್ನು ರೈಲ್ವೆ ಸಚಿವಾಲಯದ ಕೈಗೆ ಕೊಡದೆ ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲಿ ಇರಿಸಲಾಗಿದೆ. ಯುರೋಪಿನ ರೈಲ್ವೆ ತಂತ್ರಾಂಶದ ಮಾನದಂಡವೂ (ಹಿಂದೆ ಇಎನ್ 50128, ಅದರ ಜಾಗಕ್ಕೆ 2023ರಲ್ಲಿ ಬಂದದ್ದು ಇಎನ್ 50716), ಅತ್ಯುನ್ನತ ಸುರಕ್ಷತಾ ಮಟ್ಟದ ಸಿಗ್ನಲ್ ತಂತ್ರಾಂಶವನ್ನು ಬರೆದವರೇ ಅದನ್ನು ದೃಢೀಕರಿಸಬಾರದು, ಅಂತಿಮವಾಗಿ ಒಪ್ಪುವವರು ಯೋಜನಾ ವ್ಯವಸ್ಥಾಪಕರ ಅಧೀನದಲ್ಲಿ ಇರಬಾರದು ಎನ್ನುತ್ತದೆ. ರೈಲುಗಳ ಡಿಕ್ಕಿ ತಡೆಯುವ ನಮ್ಮ ದೇಶದ ಕವಚ್ ವ್ಯವಸ್ಥೆ ಪಡೆದಿರುವ, ಆ ಅತ್ಯುನ್ನತ ಮಟ್ಟವನ್ನೇ ಸೂಚಿಸುವ ಎಸ್‌ಐಎಲ್-4 ಪ್ರಮಾಣಪತ್ರದ ಹಿಂದೆ ಇಂಥ ಸ್ವತಂತ್ರ ಪರಿಶೀಲನೆ ಇದೆ. ಸಣ್ಣ ತಂಡಗಳಲ್ಲಿ ಇದನ್ನು ಪಾಲಿಸುವುದು ಕಷ್ಟ; ಐದು ಜನರಲ್ಲಿ ಯಾರು ಯಾರಿಗೆ ಸ್ವತಂತ್ರರು? ಅಂಥಲ್ಲಿ ಇನ್ನೊಂದು ತಂಡದಿಂದ ಅಥವಾ ಹೊರಗಿನಿಂದ ಪರಿಶೀಲಕರನ್ನು ಕರೆಸುವುದೇ ಮಾರ್ಗ, ಅದಕ್ಕೆ ಖರ್ಚಾಗುತ್ತದೆ, ಆ ಖರ್ಚು ಮಾಡಬೇಕು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಒಳ್ಳೆಯ ಪರಿಶೀಲಕರನ್ನು ಸಂಸ್ಥೆಗಳು ಕಳೆದುಕೊಳ್ಳುವುದು ಬಡ್ತಿಯಲ್ಲಿ. ನಕ್ಷೆಯಲ್ಲಿ ಕಣ್ಣು ಪಳಗಿದವರನ್ನು ತಂಡ ನಡೆಸಲು, ಬಜೆಟ್ ನೋಡಲು, ಗ್ರಾಹಕರ ಜೊತೆ ಸಭೆಗಳಿಗೆ ಹೋಗಲು ಹಚ್ಚುತ್ತಾರೆ, ಏಕೆಂದರೆ ಸಂಬಳ ಹೆಚ್ಚಿಸಲು ಬೇರೆ ಮೆಟ್ಟಿಲೇ ಇರುವುದಿಲ್ಲ. ವ್ಯವಸ್ಥಾಪಕರ ಮೆಟ್ಟಿಲಿನಷ್ಟೇ ಎತ್ತರದ, ಅಷ್ಟೇ ಸಂಬಳದ ತಾಂತ್ರಿಕ ಮೆಟ್ಟಿಲೊಂದನ್ನು ಕಟ್ಟಿದ ಸಂಸ್ಥೆಗಳಲ್ಲಿ ಐವತ್ತರ ವಯಸ್ಸಿನಲ್ಲೂ ಹೈಲೈಟರ್ ಹಿಡಿದು ಕೂರುವವರು ಸಿಗುತ್ತಾರೆ. ಅವರ ಪಕ್ಕದ ಕುರ್ಚಿ ಸಿಕ್ಕರೆ ಬಿಡಬೇಡಿ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ವಿದ್ಯಾರ್ಥಿನಿ, ಸಂದರ್ಶನದಲ್ಲಿ ಸಂಸ್ಥೆಯ ಸಂಸ್ಕೃತಿಯನ್ನು ತಿಳಿಯುವುದು ಹೇಗೆ ಎಂದು ಕೇಳಿದರು. ನಾನು ಆರಂಭದಲ್ಲಿ ಹೇಳಿದ ಪ್ರಶ್ನೆ ಇದಕ್ಕೇ ಬೇಕಾದದ್ದು. ನನ್ನ ಕೆಲಸವನ್ನು ಯಾರು ಪರಿಶೀಲಿಸುತ್ತಾರೆ, ಅವರಿಗೆ ಅದಕ್ಕಾಗಿ ಎಷ್ಟು ಗಂಟೆ ಕೊಡುತ್ತೀರಿ ಎಂದು ವಿನಯದಿಂದ ಕೇಳಿ. ತಕ್ಷಣ ಉತ್ತರ ಬಂದರೆ ಒಳ್ಳೆಯದು. ನಿಮ್ಮನ್ನು ಸಂದರ್ಶಿಸುತ್ತಿರುವವರೇ, ನಾನೇ ಪರಿಶೀಲಿಸುತ್ತೇನೆ ಎಂದು ಹೇಳಿದರೆ ಇನ್ನೂ ಒಳ್ಳೆಯದು. ಅದೆಲ್ಲ ಆಮೇಲೆ ನೋಡೋಣ ಎಂದರೆ ಇನ್ನೊಂದು ಸಂಸ್ಥೆಯನ್ನು ನೋಡಿ. ಓದುತ್ತಿರುವಾಗಲೇ ಸಿವಿಲ್‌ನವರು ಪುಣೆಯ ಇರಿಸೆನ್, ಸಿಗ್ನಲ್ ಕಡೆಗೆ ಒಲವಿರುವವರು ಸಿಕಂದರಾಬಾದಿನ ಇರಿಸೆಟ್ ಎಂಬ ರೈಲ್ವೆ ತರಬೇತಿ ಸಂಸ್ಥೆಗಳು ಪ್ರಕಟಿಸಿರುವ ಪಠ್ಯಗಳನ್ನು ಓದಲು ತೊಡಗಬಹುದು. ರೈಲ್ವೆ ಎಂಜಿನಿಯರರಿಗಾಗಿಯೇ ಬರೆದವು, ಭಾಷೆ ಸರಳವಾಗಿದೆ.

ನಾಪೋಕ್ಲು ಕಡೆಯ ಪೋಷಕರೊಬ್ಬರು, ಈಗೆಲ್ಲ ಮನೆಯಿಂದಲೇ ಕೆಲಸವಲ್ಲವೇ, ಮಗ ತೋಟ ನೋಡಿಕೊಂಡು ಇಲ್ಲಿಂದಲೇ ಈ ಉದ್ಯೋಗ ಮಾಡಬಹುದೇ ಎಂದರು. ಮಾಡಬಹುದು, ಆದರೆ ಮೊದಲ ಮೂರು ವರ್ಷ ಬೇಡ. ವಿನ್ಯಾಸದ ಅರ್ಧ ಕಲಿಕೆ ಪಕ್ಕದ ಮೇಜಿನವರು ಯಾವ ಹಾಳೆಯನ್ನು ಎರಡು ಬಾರಿ ತಿರುವಿ ನೋಡಿದರು ಎಂಬುದನ್ನು ಗಮನಿಸುವುದರಲ್ಲಿದೆ, ಅದು ಪರದೆಯ ಮೂಲಕ ಬರುವುದಿಲ್ಲ. ಮೂರು ವರ್ಷ ಕಚೇರಿಯಲ್ಲಿ ಪಳಗಿದ ಮೇಲೆ, ಮಳೆಗಾಲದಲ್ಲಿ ವಿದ್ಯುತ್ ಹೋದಾಗ ತಡೆದುಕೊಳ್ಳುವ ಇನ್ವರ್ಟರ್ ಮತ್ತು ನಂಬಬಹುದಾದ ಇಂಟರ್ನೆಟ್ ಇದ್ದರೆ, ನಾಪೋಕ್ಲಿನಿಂದಲೂ ನಕ್ಷೆ ಪರಿಶೀಲಿಸಬಹುದು.